ದಾಕ್ಷಾಯಣಿಯವರ ಮನೆ ವಿಳಾಸ

ಶನಿವಾರ ಬೆಳಿಗ್ಗೆ. ತಟ್ಟೆಯಲ್ಲಿ ದೋಸೆ ಆರುತ್ತಿದ್ದರೂ ಗುರುಕಿರಣ್‌ಗೆ ಅದರತ್ತ ಗಮನವಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಎರಡು ಸರ್ಕಾರಿ ಹೈಸ್ಕೂಲುಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಹೆಣ್ಣು ನೋಡಲು ಹೋದವರ ಹಾಗೆ ಕುಂದುಕೊರತೆ ಹುಡುಕುತ್ತಿದ್ದ. ಒಂದು, ಅವರು ನೆಲೆಸಿದ್ದ ಇಂಗ್ಲಿಷ್ ಬಡಾವಣೆ ವಿದನ್‌ಶಾದಲ್ಲಿ ಮನೆಯಿಂದ ನಡೆದೇ ಹೋಗಬಹುದಾದ ಶಾಲೆ. ಇನ್ನೊಂದು ದೂರದ ಸ್ಥಿತಿವಂತರ ಬಡಾವಣೆಯದು. ಮಗಳು ನಿಹಾರಿಕಾ ಬರುವ ವರ್ಷ ಹೈಸ್ಕೂಲು ಸೇರಬೇಕಿತ್ತು.

"ರಿಸಲ್ಟ್ ನೋಡು ಮಾಳವಿಕಾ. ಎಲ್ಲಿಯ ಆ ಸ್ಕೂಲು, ಎಲ್ಲಿಯ ಇದು!" ಎಂದ ಹೆಂಡತಿಗೆ.

"ಇಲ್ಲಿ ಆಟ ಚೆನ್ನಾಗಿದೆ. ಹುಡುಗೀರ ಫುಟ್‌ಬಾಲ್ ಟೀಮ್ ಇದೆ. ಮೊನ್ನೆ ನೋಡೋಕೆ ಹೋದಾಗ ಮಕ್ಕಳು ಎಷ್ಟು ಪ್ರೀತಿಯಿಂದ ಮಾತಾಡಿಸಿದ್ರು, ನೀನೇ ನೋಡಿದ್ಯಲ್ಲ."

"ಪ್ರೀತಿ ನೋಡಿ ಮೆಡಿಸಿನ್ ಸೀಟ್ ಕೊಡ್ತಾರಾ? ನೀನೇ ಡಾಕ್ಟರು, ನಿಂಗೆ ನಾನು ಹೇಳ್ಬೇಕಾ?"

ಅವನ ಆತಂಕವೇನೂ ಸುಳ್ಳಲ್ಲ. ಆದರೆ ದೂರದ ಆ ಶಾಲೆ ತನ್ನ ಹತ್ತಿರದ ಮನೆಗಳ ಮಕ್ಕಳಿಗೇ ಮೊದಲು ಸೀಟು ಕೊಡುತ್ತದೆ, ಅಲ್ಲಿ ಮನೆ ಕೊಳ್ಳುವುದು ಆಗದ ಮಾತು. ದಾರಿ ತೋರಿಸಿದ್ದು ಕನ್ನಡ ಸಂಘದ ದಾಕ್ಷಾಯಣಿ. ಅವರ ಮನೆ ಆ ಶಾಲೆಯ ಬೀದಿಯಲ್ಲೇ. "ಅರ್ಜಿಗೆ ನಮ್ಮ ಅಡ್ರೆಸ್ ಹಾಕಿ. ನಿಹಾರಿಕಾ ನಮ್ಮ ಹುಡುಗಿ ಅಲ್ವಾ?" ಎಂದು, ಹಬ್ಬಕ್ಕೆ ಒಬ್ಬಟ್ಟು ಕಟ್ಟಿಕೊಟ್ಟಷ್ಟೇ ಸಲೀಸಾಗಿ ವಿಳಾಸವನ್ನೂ ಕೊಟ್ಟಿದ್ದರು. ಸೀಟು ಹಂಚುವ ಕೌನ್ಸಿಲ್‌ನವರು ವಿಚಾರಿಸಿದರೆ ಇರಲಿ ಎಂದು ಮಗುವನ್ನು ಆಗಾಗ ಕರೆತಂದು ಅಕ್ಕಪಕ್ಕದವರ ಕಣ್ಣಿಗೆ ಬೀಳಿಸಬೇಕಂತೆ. ಮಾಳವಿಕಾಗೆ ಇದು ಹಿಡಿಸಿರಲಿಲ್ಲ. ಮಗಳ ಭವಿಷ್ಯ ಎಂದಾಗ ಬಾಯಿ ಕಟ್ಟಿತ್ತು.

ಅಂದೂ ದಾಕ್ಷಾಯಣಿಯವರ ಮನೆಗೆ ಹೋದರು. ಹಿತ್ತಲಲ್ಲಿ ಚೆಂಡು ಒದೆಯುತ್ತಿದ್ದ ನಿಹಾರಿಕಾಳನ್ನು ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಬೇಲಿಯಾಚೆಯಿಂದ, ನೀನೂ ಇಲ್ಲೇ ಇರುವುದಾ ಎಂದು ಕೇಳಿದರು.

ಹುಡುಗಿ ತಡವರಿಸಲಿಲ್ಲ. ಹೌದು, ಮೇಲಿನ ರೂಮು ನನ್ನದು ಎಂದಳು. ಚಿಕ್ಕದು, ಆದರೆ ಬೆಳಿಗ್ಗೆ ಬಿಸಿಲು ಬರುತ್ತದೆ, ಅದಕ್ಕೇ ಇಷ್ಟ ಎಂದು ನಕ್ಕಳು. ಇಷ್ಟೆಲ್ಲ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಡುಗೆಮನೆಯ ಕಿಟಕಿಯಲ್ಲಿ ಕೇಳಿಸಿಕೊಂಡ ದಾಕ್ಷಾಯಣಿ ಚಪ್ಪಾಳೆ ತಟ್ಟಿದರು. "ಅಬ್ಬಬ್ಬಾ! ಎಷ್ಟು ಚೂಟಿ ರೀ ನಿಮ್ಮ ಮಗಳು!" ಗುರುಕಿರಣ್ ಕೂಡ ನಕ್ಕ. ಮಾಳವಿಕಾ ಮಾತ್ರ ಹೊರಗೆ ಹೋಗಿ ಮಗಳನ್ನು ಒಳಗೆ ಕರೆದಳು.

ವಾಪಸು ಬರುವಾಗ ಕಾರಿನಲ್ಲಿ ಸುಮ್ಮನೆ ಕೇಳಿದಳು, "ಪುಟ್ಟಿ, ಮ್ಯಾಥ್ಸ್ ಟೆಸ್ಟ್ ಹೇಗಾಯ್ತು?"

"ಫೈನ್, ಅಮ್ಮಾ. ಆಲ್ ಗುಡ್."

ಅದೇ ನಗು, ಅದೇ ದನಿ. ಮಾಳವಿಕಾ ತಿರುಗಿ ಮಗಳ ಮುಖವನ್ನೇ ನೋಡಿದಳು. ನಿಜ ಹೇಳುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ. ಹೆತ್ತ ಮಗಳ ಮುಖ ನೋಡಿ ತಿಳಿಯಲಿಲ್ಲವಲ್ಲ ಎಂದು ಅವಳಿಗೆ ಭಯವಾಯಿತು.

"ಕಿರಣ್, ಆ ಅಡ್ರೆಸ್ ಬೇಡ."

"ಮತ್ತೆ ಶುರು ಮಾಡ್ಬೇಡ. ಎಷ್ಟೋ ಜನ ಮಾಡ್ತಾರೆ. ಯಾರಿಗೇನು ನಷ್ಟ?"

"ಆ ಬೀದಿಯ ಯಾವ್ದೋ ಮಗೂಗೆ ಸೀಟ್ ತಪ್ಪುತ್ತೆ. ಅದಿರ್ಲಿ, ನಮ್ಮ ಮಗೂಗೆ ಏನ್ ಕಲಿಸ್ತಿದ್ದೀವಿ? ಸುಳ್ಳು ಚೆನ್ನಾಗಿ ಹೇಳಿದ್ರೆ ಚಪ್ಪಾಳೆ ಬೇರೆ!"

"ಅಷ್ಟು ದೊಡ್ಡ ಮಾತು ಯಾಕೆ? ನಾನೇನು ನಂಗೋಸ್ಕರ ಮಾಡ್ತಿದ್ದೀನಾ? ಯಾವುದು ನಿಜ ಅಂತ ಅವಳಿಗೆ ಗೊತ್ತು. ಅಲ್ವಾ ಪುಟ್ಟಾ? ನಮ್ಮ ಮನೆ ಎಲ್ಲಿದೆ, ಹೇಳು ಅಮ್ಮಂಗೆ."

ಹಿಂದಿನ ಸೀಟಿನಲ್ಲಿದ್ದ ನಿಹಾರಿಕಾ ಮುಂದಕ್ಕೆ ಬಾಗಿದಳು.

"ಯಾವ್ದು ಹೇಳ್ಲಿ, ಅಪ್ಪಾ?"

ಸಿಗ್ನಲ್ ಹಸಿರಾಗಿತ್ತು. ಹಿಂದಿನ ಕಾರಿನವನು ಹಾರ್ನ್ ಹೊಡೆದ ಮೇಲೇ ಗುರುಕಿರಣ್‌ಗೆ ಎಚ್ಚರವಾದದ್ದು.

ಒಳಗೆ ಬಂದವನೇ, ಇನ್ನೂ ಕಳಿಸದೆ ಇಟ್ಟಿದ್ದ ಅರ್ಜಿ ತೆರೆದು ವಿದನ್‌ಶಾದ ವಿಳಾಸ ಹಾಕಿದ. ಮೊದಲ ಆಯ್ಕೆ, ಹತ್ತಿರದ ಶಾಲೆ. ಕಳಿಸಿ, ಮಗಳನ್ನು ಕರೆದ.

"ಇನ್ಮೇಲೆ ಯಾರೇ ಕೇಳಿದ್ರೂ ನಮ್ಗೆ ಇದೊಂದೇ ಮನೆ. ನಿಂಗೆ ಸುಳ್ಳು ಹೇಳ್ಸಿದ್ದು ನನ್ನ ತಪ್ಪು. ಸಾರಿ ಪುಟ್ಟಾ. ದಾಕ್ಷಾಯಣಿ ಆಂಟಿಗೂ ನಾನೇ ಹೇಳ್ತೀನಿ."

ನಿಹಾರಿಕಾ ತಲೆಯಾಡಿಸಿದಳು. ಆಮೇಲೆ ಅಡುಗೆಮನೆಗೆ ಬಂದು ತಾಯಿಯ ಬೆನ್ನಿಗೆ ಒರಗಿದಳು.

"ಅಮ್ಮಾ, ಮ್ಯಾಥ್ಸ್ ಟೆಸ್ಟ್ ಚೆನ್ನಾಗಾಗ್ಲಿಲ್ಲ. ಫ್ರಾಕ್ಷನ್ಸ್ ಬರ್ಲೇ ಇಲ್ಲ."

ತಿರುಗಿ ನೋಡಿದರೆ ಮಗಳ ಮುಖ ಸಪ್ಪಗಿತ್ತು, ಕಣ್ಣು ತುಂಬಿತ್ತು. ಮಾಳವಿಕಾ ಅವಳನ್ನು ಬಾಚಿ ತಬ್ಬಿಕೊಂಡಳು. ಅವಳಿಗೆ ಎಂಥ ನೆಮ್ಮದಿಯಾಯಿತೆಂದರೆ, ಮಾರ್ಕ್ಸ್ ಎಷ್ಟು ಬಂತೆಂದು ಕೇಳುವುದನ್ನೂ ಮರೆತಳು.