ಪದ ಎಳೆಯುವ ಜಾಗ

ಠಾಣೆ ಶಹರದ ಕಡೆಯ ಬೇಲಾಪುರದ ಕಚೇರಿ ಕಟ್ಟಡಕ್ಕೆ ಮೂರನೆಯ ಸ್ಲ್ಯಾಬ್ ಹಾಕುವ ದಿನ ಕೂಲಿ ಗ್ಯಾಂಗಿನ ಮುಕಾದಮ ಬಾಲಪ್ಪ ಹೊಸ ಟೇಪ್ ರೆಕಾರ್ಡರನ್ನು ಹೆಗಲಿಗೆ ನೇತುಹಾಕಿಕೊಂಡು ಬಂದ. ಎಂಬತ್ತಮೂರನೆಯ ಇಸವಿ, ಅಂಥದೊಂದು ಡಬ್ಬಿ ಇದ್ದವನ ನಡಿಗೆಯೇ ಬೇರೆ. ಅದನ್ನು ಬೊಂಬಿಗೆ ಕಟ್ಟಿ, "ಇವತ್ತ ಯಾರೂ ಪದ ಹಾಡಬ್ಯಾಡ್ರಿ, ಪಿಕ್ಚರ್ ಹಾಡು ಕೇಳಿಕೋತ ದುಡೀರಿ" ಎಂದ. ಹಾಡಿಗೊಂದು ಕಥೆಯೂ ಇತ್ತು: ಇದು ತಾನು ಹೆಣ್ಣು ನೋಡಲು ಹೋದಾಗ ಕೇಳಿದ್ದು, ಇದು ಬೀಗರ ಊಟದಲ್ಲಿ ಹಾಕಿಸಿದ್ದು. ಕೆಟ್ಟವನಲ್ಲ, ತುಸು ಆತುರಗಾರ, ಅಷ್ಟೇ.

ಗುರಮ್ಮನಿಗೆ ಒಳಗೊಳಗೇ ಹಗುರಾಯಿತು. ರಾಯಚೂರು ಕಡೆಯ ಆ ಗ್ಯಾಂಗಿನಲ್ಲಿ ಪದ ಎತ್ತುವವಳು ಅವಳೇ. ಆದರೆ ಹೋದ ಮಳೆಗಾಲದಲ್ಲಿ ಕೋಪರಿಯ ಗುಡಿಸಲಲ್ಲಿ ತಂಗಿ ಸತ್ಯಮ್ಮ ಜ್ವರ ಬಂದು ತೀರಿಕೊಂಡ ಮೇಲೆ ಅವಳು ಪದಕ್ಕೆ ಬಾಯಿ ಬಿಟ್ಟಿರಲಿಲ್ಲ.

ಸತ್ಯಮ್ಮನ ಎಡಗೈ ಹಿಂದೆ ನೌಪಾಡಾದ ಕೆಲಸದಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಕೈಯಿಂದ ಕೈಗೆ ಬರುವ, ಕಾಂಕ್ರೀಟಿನ ಮಾಲು ತುಂಬಿದ ಬುಟ್ಟಿ ಇಸಿದುಕೊಳ್ಳಲು ಅವಳಿಗೆ ಒಂದು ಉಸಿರಿನಷ್ಟು ಹೊತ್ತು ಹೆಚ್ಚು ಬೇಕು. ಅದು ಮುಕಾದಮನ ಕಣ್ಣಿಗೆ ಬಿದ್ದಿದ್ದರೆ ಅವತ್ತೇ ಕೂಲಿ ಬಂದ್. ಅದಕ್ಕೇ ಗುರಮ್ಮ ತವರಿನಲ್ಲಿ ಕಳೆ ಕೀಳುವಾಗ ಹಾಡುತ್ತಿದ್ದ ಪದವನ್ನೇ ಹಿಗ್ಗಿಸಿದಳು. "ತಾರ ತಂಗಿ" ಎಂಬಲ್ಲಿ "ತಂಗೀ..." ಎಂದು ಅವಳು ಎಳೆದರೆ ಸತ್ಯಮ್ಮನೂ ದನಿಗೂಡಿಸಿ ಎಳೆಯುತ್ತಿದ್ದಳು; ಸಾಲಿನವರೆಲ್ಲ ಅಷ್ಟು ಹೊತ್ತು ಬುಟ್ಟಿ ಹಿಡಿದು ನಿಲ್ಲುತ್ತಿದ್ದರು. ಎಲ್ಲರೂ ನಿಂತರೆ ಒಬ್ಬಳು ತಡವಾದದ್ದು ಯಾರಿಗೆ ಗೊತ್ತು? ಬಾಲಪ್ಪನಿಗೆ ವರ್ಷಗಟ್ಟಲೆ ಸುಳಿವೇ ಹತ್ತಲಿಲ್ಲ.

ಈಗ ಏಣಿಯ ತಿರುವಿನಲ್ಲಿ, ಸತ್ಯಮ್ಮ ನಿಲ್ಲುತ್ತಿದ್ದ ಕಡೆ, ಗುರಮ್ಮನ ಮಗಳು ಬಾಗಿ ನಿಂತಿದ್ದಳು. ಠಾಣೆ ಶಹರದಲ್ಲೇ ಹುಟ್ಟಿ ಮದುವೆಯ ವಯಸ್ಸಿಗೆ ಬಂದವಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಪದ ತನ್ನ ಜೊತೆಗೇ ಮಣ್ಣಾಗುತ್ತದೆ ಎಂದು ಗುರಮ್ಮ ಎಂದೋ ತೀರ್ಮಾನಿಸಿಬಿಟ್ಟಿದ್ದಳು.

ಟೇಪಿನ ಹಾಡುಗಳಿಗೂ ಬುಟ್ಟಿಗಳಿಗೂ ಕೂಡಿಬರಲಿಲ್ಲ. ಒಂದು ಹಾಡು ಓಡಿತು, ಇನ್ನೊಂದು ಅಳುತ್ತ ಕೂತಿತು. ಕೈಯಿಂದ ಕೈಗೆ ಹೋಗುವಾಗ ತಾಳ ತಪ್ಪಿ ಮಾಲು ಚೆಲ್ಲಿತು. ಸ್ಲ್ಯಾಬನ್ನು ಅರ್ಧಕ್ಕೆ ಬಿಡುವಂತಿಲ್ಲ. ಬಾಲಪ್ಪ ತಾನೇ ಟೇಪ್ ಬಂದ್ ಮಾಡಿ ಬಂದ.

"ಗುರಮ್ಮಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಒಂದ್ ಪದ ಎತ್ತಬೇ."

"ನನ್ನ ಕೊಳ್ಳಾಗ ಪದ ಉಳದಿಲ್ಲೋ ಯಪ್ಪಾ."

"ಸ್ಲ್ಯಾಬ್ ಕೆಟ್ರ ಎಲ್ಲರ ಹೊಟ್ಟಿ ಮ್ಯಾಲ ಕಲ್ಲು ಬೀಳ್ತೈತಿ."

ಎತ್ತಿದಳು. ಆದರೆ ಆ ಜಾಗ ಬಂದಾಗ ಎಳೆಯಲಿಲ್ಲ. ಎಳೆದರೆ ಅಳು ಬಂದೀತು ಎಂಬ ಭಯ. "ತಾರ ತಂಗಿ" ಎಂದು ಚುಟುಕಾಗಿ ಮುಗಿಸಿ ಮುಂದಿನ ಸಾಲಿಗೆ ಹಾರಿದಳು. ಉಳಿದವರ ಕೈಗಳು ಹಾರಲಿಲ್ಲ. ಅಷ್ಟೂ ಹೆಂಗಸರು ಹಿಂದಿನ ರೂಢಿಯಂತೆ ಬುಟ್ಟಿ ಹಿಡಿದು ನಿಂತೇ ಇದ್ದರು. ಗುರಮ್ಮ ಮುಂದೆ ನೀಡಿದ ಬುಟ್ಟಿ ಪಕ್ಕದ ಚಂದ್ರಬಾಯಿಯ ಬುಟ್ಟಿಗೆ ಢಣ್ ಎಂದು ಬಡಿಯಿತು.

ಏಣಿಯ ತಿರುವಿನಿಂದ ಮಗಳು ಬಾಗಿ ಕೂಗಿದಳು: "ಅವ್ವಾ, ಉಧರ್ ಉದ್ದ ಎಳೀನೇ ಕಾ ನಾ! ಚಿಗವ್ವ ಎಳೀತಿದ್ಲು, ವೈಸಾ!"

ಅವ್ವನ ಉತ್ತರಕ್ಕೂ ಕಾಯದೆ ತಾನೇ ಎತ್ತಿದಳು. "ತಾರ ತಂಗೀ..." ಸತ್ಯಮ್ಮನದೇ ಎಳೆತ, ಕೊನೆಯಲ್ಲಿ ಅವಳದೇ ಸಣ್ಣ ಏದುಸಿರು. ಆಗೆಲ್ಲ ಏಣಿಯ ಕೆಳಗೆ ನೀರು ಕೊಡುತ್ತ ಓಡಾಡಿಕೊಂಡಿದ್ದ ಹುಡುಗಿ ಅದನ್ನು ಯಾವಾಗ ಕಲಿತಳೋ! ಗುರಮ್ಮನಿಗೆ ಅಳು ಬಂದೇಬಿಟ್ಟಿತು. ಎರಡೂ ಕೈಯಲ್ಲಿ ಬುಟ್ಟಿ, ಒರೆಸಿಕೊಳ್ಳುವಂತೆಯೂ ಇರಲಿಲ್ಲ. ಅಳುತ್ತಲೇ ಹಾಡಿದಳು.

ಹೊತ್ತು ಮುಳುಗುವಾಗ ಸ್ಲ್ಯಾಬ್ ಮುಗಿಯಿತು. ಬಾಲಪ್ಪ ಎಲ್ಲರಿಗೂ ಚಹಾ ತರಿಸಿದ.

"ಪದ ಚಲೋ ಐತಿ ಗುರಮ್ಮಕ್ಕಾ. ಆದ್ರ ನಡಕ ಅದ್ಯಾಕ ಅಷ್ಟ್ ಎಳೀತೀರಿ? ಅದೊಂದು ತಗದಿದ್ರ ಬಿಸಿಲಿರತ್ಲೇ ಮುಗೀತಿತ್ತು."

ಅವನಿಂದಲೇ ಮುಚ್ಚಿಟ್ಟಿದ್ದ ಮಾತು. ಈಗ ಹೇಳಿದರೆ ಯಾರ ಕೂಲಿ ಹೋಗಬೇಕಿತ್ತು?

"ಅದನ್ನ ತಗ್ಯಾಕ ಬರಂಗಿಲ್ಲಪ್ಪಾ" ಎಂದಳು ಗುರಮ್ಮ. "ಅಲ್ಲಿ ನಮ್ಮ ಸತ್ಯಮ್ಮ ಬುಟ್ಟಿ ಇಸ್ಕೊಂತಾಳ."