ದಾರ ಸುತ್ತಿದ ಉಂಗುರ

ಸಾರಿಗೆ ಉಪ್ಪು ಹಾಕಲು ಜಾಡಿಗೆ ಕೈಯಿಟ್ಟ ಸರ್ವಮಂಗಳ ಹಾಗೇ ನಿಂತಳು. ಗಂಡ ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಉಪ್ಪಿಲ್ಲದ ಅಡಿಗೆ. ಇನ್ನು ಹಾಕಬಹುದು. ನಿನ್ನೆ ಮಧ್ಯಾಹ್ನ ನಂದೀಶ್ವರಯ್ಯನನ್ನು ಶಿರಾ ಊರಾಚೆ ಮಣ್ಣು ಮಾಡಿದ್ದರು.

ಪಡಸಾಲೆಯಲ್ಲಿ ಜಗದಾಂಬ ಸೀರೆ ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು. ನಂದೀಶ್ವರಯ್ಯನ ಅತ್ತಿಗೆ. ತಾಯಿಯಿಲ್ಲದ ಹುಡುಗನನ್ನು ತೋವಿನಕೆರೆಯಲ್ಲಿ ಸಾಕಿದವಳು. ಬೆಳಗಿನ ಬಸ್ಸಿಗೆ ಹೊರಟಿದ್ದಳು. ಅವಳದೊಂದು ಉಂಗುರ ಸರ್ವಮಂಗಳಳ ಸೆರಗಿನಲ್ಲಿ ಗಂಟಾಗಿತ್ತು. ಅವಳು ಕೇಳಿರಲಿಲ್ಲ. ಇವಳಿಗೆ ಕೊಡುವ ಮನಸ್ಸಿರಲಿಲ್ಲ.

*

ಅದು ಜಗದಾಂಬಳ ಗಂಡನ ಉಂಗುರ. ಅವನು ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಮೈದುನನ ಮದುವೆಯ ಹಿಂದಿನ ದಿನ ಅದಕ್ಕೆ ದಾರ ಸುತ್ತಿ ಕೊಟ್ಟು, ನಿನ್ನದು ಮಾಡಿಸಿಕೊಂಡ ಮೇಲೆ ವಾಪಸು ಕೊಡು ಎಂದಿದ್ದಳು. ಅವನ ಬೆರಳು ಅಷ್ಟು ಸಣ್ಣದಾಗಿತ್ತು.

ನಂದೀಶ್ವರಯ್ಯ ಶಾಲೆಯ ಮೇಷ್ಟರು. ಮೇಷ್ಟರಿಗೆ ಬಿ.ಎ. ಓದಿದ ಹೆಂಡತಿ ಬಂದಳು, ಇನ್ನು ಹೊಟ್ಟೆಗೆ ಪುಸ್ತಕವೇ ಎಂದು ನೆಂಟರು ನಕ್ಕಿದ್ದರು. ಸಾವಿರದ ಒಂಬೈನೂರ ಅರವತ್ತೊಂದರ ಬೇಸಿಗೆಯ ಹೊತ್ತಿಗೆ ಅವನ ಕೆನ್ನೆ ತುಂಬಿತು. ಬೆಳಿಗ್ಗೆ ಎದ್ದಾಗ ರೆಪ್ಪೆಗಳೂ ದಪ್ಪ. ನೆಂಟರು ಬಾಯಿ ಮುಚ್ಚಿದರು. ಉಂಗುರ ಬಿಗಿಯಾಯಿತೆಂದು ಸರ್ವಮಂಗಳ ದಾರ ಬಿಚ್ಚಿದಳು. ಜಗದಾಂಬ ಬಂದ ದಿನವೇ ಬಿಚ್ಚಿ, ಅವಳೆದುರೇ ಒಲೆಗೆ ಹಾಕಿದಳು.

"ನನ್ನ ಕೈಲಿ ಒಂದು ದಿನಾನೂ ಮೈ ಹಿಡೀಲಿಲ್ಲ ಇವ್ನು," ಎಂದಳು ಜಗದಾಂಬ, ಉರಿಯನ್ನೇ ನೋಡುತ್ತಾ. "ಅದೇನು ಇಕ್ತೀಯೇ ನೀನು?"

ಸರ್ವಮಂಗಳ ನಕ್ಕಳು. ಅಷ್ಟು ಹಿತವಾದ ನಗು ಅವಳಿಗೆ ಮತ್ತೆ ಬರಲಿಲ್ಲ.

ಮುಂದಿನ ವಾರವೇ ತೋವಿನಕೆರೆಯಿಂದ ಉಪ್ಪಿನಕಾಯಿ, ಸಂಡಿಗೆ ಬಂದವು. ಇವಳು ಅದಕ್ಕಿಂತ ಹೆಚ್ಚು ಹಪ್ಪಳ ಒತ್ತಿದಳು. ಯಾರ ಮನಸ್ಸೂ ನೋಯದಿರಲೆಂದು ಅವನು ಎರಡನ್ನೂ ತಿಂದ. ಸಂಜೆ ಚಪ್ಪಲಿ ಕಚ್ಚುತ್ತದೆ ಎಂದ. ಮೂತ್ರದಲ್ಲಿ ನೊರೆ, ಹೋಗುವುದೂ ಕಡಿಮೆ ಎಂದ. ಉಷ್ಣವಿರಬೇಕೆಂದು ಉಪ್ಪು ಬೆರೆಸಿದ ಮಜ್ಜಿಗೆ ಕೊಟ್ಟಳು.

ಕಡೆಗೆ ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರು, ಮುಖ ಊದಿ ಎಷ್ಟು ದಿನವಾಯಿತು ಎಂದು ಕೇಳಿದರು.

"ಊದಿಲ್ಲ, ಮೈ ಹಿಡಿದಿದ್ದಾರೆ," ಎಂದಳು ಸರ್ವಮಂಗಳ. ಜೊತೆಗೆ ಬಂದಿದ್ದ ಜಗದಾಂಬಳೂ ಅದೇ ಗಳಿಗೆಗೆ ಹಾಗೇ ಅಂದಳು.

ಡಾಕ್ಟರು ಅವನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. ಕುಳಿ ಹಾಗೇ ಉಳಿಯಿತು. ಕಿಡ್ನಿ ಹಾಳಾಗಿದೆ, ಇದು ನೀರು, ಮೊದಲೇ ಬರಬೇಕಿತ್ತು ಎಂದರು. ಇಬ್ಬರೂ ಆ ಕುಳಿ ತುಂಬುವುದನ್ನು ಕಾಯುತ್ತಾ ನಿಂತರು.

*

ನಿನ್ನೆ ಹೆಣಕ್ಕೆ ನೀರು ಹಾಕುವಾಗ ಬೆರಳಿನಿಂದ ಉಂಗುರ ಬರಲಿಲ್ಲ. ಎಣ್ಣೆ ಸವರಿದರು, ಸೋಪು ಹಚ್ಚಿದರು. ಜಗದಾಂಬ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಮಗುವಿನ ಬೆರಳು ಬಿಡಿಸುವಂತೆ ಒಂದೊಂದೇ ಬಿಡಿಸುತ್ತಿದ್ದಳು. ಅದು ಅವಳಿಗೆ ರೂಢಿಯಿತ್ತು. ಅವಳಿಗೆ ಅವನ ಬಾಲ್ಯವೆಲ್ಲ ಸಿಕ್ಕಿತ್ತು. ತನಗೆ ಸಿಕ್ಕಿದ್ದು ನಾಲ್ಕು ವರ್ಷ, ಅದರಲ್ಲೂ ಕಡೆಯದು ಬರೀ ನೀರು. ಸರ್ವಮಂಗಳಳಿಗೆ ಅಳು ಬರಲಿಲ್ಲ. ಆ ಕೈಯನ್ನು ಕಿತ್ತುಕೊಳ್ಳಬೇಕೆನಿಸಿತು.

"ಕುಯ್ಸೋಕೆ ಮುಂಚೆ ಯಾರದ್ದು ಅಂತ ತೀರ್ಮಾನ ಮಾಡ್ಕಳ್ರಮ್ಮ," ಎಂದಳು ಪಕ್ಕದ ಮನೆಯ ದಾಸಮ್ಮ. "ಸಾಕ್ದೋಳ್ದೋ, ಕಟ್ಕಂಡೋಳ್ದೋ?"

ಅಕ್ಕಸಾಲಿ ಬಂದು ಕತ್ತರಿಸಿದ. ಜಗದಾಂಬ ಕೈ ಚಾಚುವ ಮೊದಲೇ ಸರ್ವಮಂಗಳ ಅದನ್ನು ಎತ್ತಿಕೊಂಡಳು.

*

ಜಗದಾಂಬ ಚೀಲ ಹಿಡಿದು ಹೊಸ್ತಿಲ ಹತ್ತಿರ ನಿಂತಿದ್ದಳು. "ಬರ್ತೀನಿ ಕಣಮ್ಮ. ಒಸಿ ಊಟ ಮಾಡು," ಎಂದಳು. ಉಂಗುರದ ಮಾತೆತ್ತಲಿಲ್ಲ.

"ಇರಿ ಅಕ್ಕ."

ಸರ್ವಮಂಗಳ ಗಂಟು ಬಿಚ್ಚಿದಳು. ಉಂಗುರ ಬಾಯಿ ಬಿಟ್ಟುಕೊಂಡಿತ್ತು, ಅಂಚು ಚೂಪಾಗಿತ್ತು. ಸೆರಗಿನ ಅಂಚಿನಿಂದ ಒಂದು ಎಳೆ ಜಗ್ಗಿ, ಬಾಯಿ ಕೂಡಿಸಿ ಸುತ್ತತೊಡಗಿದಳು. ಸ್ವಲ್ಪ ಸುತ್ತಿ ನಿಲ್ಲಿಸಿದಳು. ಮೊದಲಿನ ಸುತ್ತು ಎಷ್ಟು ದಪ್ಪ ಇತ್ತೋ ನೆನಪಾಗಲಿಲ್ಲ. ಎಳೆ ಕಡಿಯದೆ ಜಗದಾಂಬಳ ಅಂಗೈ ಮೇಲೆ ಇಟ್ಟಳು.

ಜಗದಾಂಬ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಇದು ಸಾಲ್ದು ಕಣಮ್ಮ. ಇನ್ನೂ ಸಣ್ಣ ಇತ್ತು ಅವನ ಬೆರಳು."

ಚೀಲ ಕೆಳಗಿಟ್ಟು, ಅಲ್ಲೇ ಹೊಸ್ತಿಲ ಮೇಲೆ ಕೂತು, ಮುಂದಕ್ಕೆ ಸುತ್ತತೊಡಗಿದಳು. ಅವಳು ಎಳೆದಂತೆಲ್ಲ ಸರ್ವಮಂಗಳಳ ಸೆರಗಿನ ಅಂಚು ಸುಕ್ಕುಗಟ್ಟುತ್ತಾ ಅವಳ ಕಡೆಗೆ ಸರಿಯಿತು.