ನಾಲ್ಕನೆಯ ಬಿಲ್ಲೆ

ಒತೀಲಿಯಾಳೂ ನಾನೂ ಹುವಾಯಾಪಾನ್ ಊರಿನ ಒಂದೇ ಬೀದಿಯಲ್ಲಿ ಬೆಳೆದವರು. ಅವಳ ಮಗಳು ಇರೇನೆಯ ದೀಕ್ಷಾಸ್ನಾನದಲ್ಲಿ ಮಾದ್ರೀನಾ, ಅಂದರೆ ಧರ್ಮತಾಯಿಯಾಗಿ ಮಗುವನ್ನು ಎತ್ತಿಕೊಂಡವಳು ನಾನು. ಅಂದಿನಿಂದ ನಾವಿಬ್ಬರೂ ಕೊಮಾದ್ರೆಯರಾದೆವು. ಚಿಕ್ಕಂದಿನಿಂದ ‘ನೀನು’ ಎನ್ನುತ್ತಿದ್ದವರು ‘ನೀವು’ ಎನ್ನತೊಡಗಿದೆವು. ಒಡಹುಟ್ಟಿದವರೊಂದಿಗೆ ಜಗಳವಾಡಬಹುದು, ಕೊಮಾದ್ರೆಯೊಂದಿಗೆ ಆಡುವಂತಿಲ್ಲ.

ನಮ್ಮೂರಿನ ಹೆಂಗಸರು ಹೆಚ್ಚಿನವರು ತೆಹಾತೆ ಮಾರಿ ಬದುಕುವವರು. ಮೆಕ್ಕೆಜೋಳ, ಕೊಕೊ, ಮಾಮೆ ಹಣ್ಣಿನ ಬೀಜ, ಒಣಗಿಸಿದ ರೊಸೀತಾ ಹೂವು, ಇವನ್ನು ಕಲ್ಲಿನ ಮೇಲೆ ಅರೆದು ತಣ್ಣೀರಿನಲ್ಲಿ ಕೈಯಾಡಿಸಿ ನೊರೆ ಬರಿಸಿದ ಪಾನಕ ಅದು. ನನ್ನ ಅಮ್ಮ ಮಾಮೆ ಬೀಜವನ್ನು ಎಲ್ಲರಂತೆ ಹೆಂಚಿನ ಮೇಲೆ ಹುರಿಯುತ್ತಿರಲಿಲ್ಲ. ಒಲೆಯ ಬಿಸಿ ಬೂದಿಯಲ್ಲಿ ಹೂತು ಹಗಲೆಲ್ಲ ಬಿಡುತ್ತಿದ್ದಳು. ಬಾದಾಮಿಯಂಥ ರುಚಿಯ ಹಿಂದೆ ತೆಳ್ಳಗೆ ಹೊಗೆಯ ವಾಸನೆ ನಿಲ್ಲುತ್ತಿತ್ತು. ಅಮ್ಮ ಹೋದ ಮೇಲೆ ಆ ವಿದ್ಯೆ ನನ್ನೊಬ್ಬಳಲ್ಲಿ ಉಳಿದಿತ್ತು. ಒತೀಲಿಯಾ ಕೇಳಿದಳು, ಕಲಿಸಿದೆ.

ಮೂರು ವರ್ಷದ ಹಿಂದೆ, ತೆಹಾತೆಯ ರುಚಿಯನ್ನು ಚಾಕೊಲೇಟ್ ಬಿಲ್ಲೆಯಲ್ಲಿ ಹಿಡಿಯಬೇಕೆಂಬ ಹುಚ್ಚು ನನಗೆ ಹತ್ತಿತು. ಎಂಟು ತಿಂಗಳು ಅರೆದೆ, ಸುಟ್ಟೆ, ಚೆಲ್ಲಿದೆ. ಒತೀಲಿಯಾ ದಿನವೂ ಬಂದು ಕೈಜೋಡಿಸುತ್ತಿದ್ದಳು. ಕೊನೆಗೊಂದು ದಿನ ಬಿಲ್ಲೆ ಬಾಯಲ್ಲಿ ಕರಗಿದಾಗ ಮೊದಲು ಕೊಕೊದ ಕಹಿ, ಆಮೇಲೆ ಹೂವು, ಕೊನೆಗೆ ಅಮ್ಮನ ಬೂದಿ ಬಂದವು. ನಾನು ಅತ್ತುಬಿಟ್ಟೆ. ಹನ್ನೆರಡು ಬಿಲ್ಲೆಗಳನ್ನು ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ, ವಾಹಾಕಾ ಪಟ್ಟಣದ ದೊಡ್ಡ ಅಂಗಡಿಗೆ ತೋರಿಸಲೆಂದು ಅವಳ ಕೈಗೆ ಕೊಟ್ಟೆ.

“ನೀವು ಬರೋದು ಬೇಡ ಕೊಮಾದ್ರೆ,” ಎಂದಳು. “ಅಂಗಡಿಯವರ ಎದುರು ನಿಮಗೆ ಬಾಯೇ ಬರಲ್ಲ. ನಾನು ಮಾತಾಡ್ಕೊಂಡು ಬರ್ತೀನಿ.”

ಸಂಜೆ ಬುಟ್ಟಿ ಖಾಲಿಯಾಗಿ ಬಂತು. ಅವಳು ತಲೆ ತಗ್ಗಿಸಿಕೊಂಡು ಕೂತಳು.

“ಬಾಯಿಗೆ ಹಾಕ್ಕೊಂಡ್ರು, ಉಗುಳಿದ್ರು. ಸಾಬೂನು ತಿಂದಂಗಿದೆ ಅಂದ್ರು.”

“ಎಲ್ಲಾದನ್ನೂ ಉಗುಳಿದ್ರಾ?”

“ಎಲ್ಲಾ ಬಿಸಾಕಿ ಬಂದೆ, ನಾಚಿಕೆ ಆಯ್ತು. ನಿಜ ಹೇಳ್ಲಾ? ನನಗೂ ಮೊದಲಿಂದ ಹಾಗೇ ಅನ್ನಿಸ್ತಿತ್ತು. ನಿಮ್ಮ ಮನಸ್ಸು ನೋಯುತ್ತೆ ಅಂತ ಸುಮ್ಮನಿದ್ದೆ.”

ಅಂಗಡಿಯವರ ಮಾತನ್ನು ನುಂಗಿಕೊಂಡೆ. ‘ನನಗೂ’ ಎಂದಳಲ್ಲ, ಅದು ಒಳಗೆ ಕೂತಿತು. ಅದುವರೆಗೆ ಊರಿನ ಹೆಂಗಸರು ಹುರಿದ ಕೊಕೊ ತಂದು ನನ್ನ ಬಾಯಿಗೆ ಹಾಕಿ, “ಸಾಕಾ, ಇನ್ನೊಂಚೂರು ಹುರೀಬೇಕಾ?” ಎಂದು ಕೇಳುತ್ತಿದ್ದರು. ಆಮೇಲೆ ಬಂದವರನ್ನು, “ನನ್ನ ನಾಲಗೆ ಕೆಟ್ಟಿದೆ,” ಎಂದು ಕಳಿಸಿದೆ. ನನ್ನ ಅಡುಗೆಯ ಉಪ್ಪನ್ನೂ ಪಕ್ಕದ ಮನೆಯವಳಿಂದ ನೋಡಿಸುವಂತಾದೆ.

ಈ ನವೆಂಬರಿನಲ್ಲಿ ಕೊಕೊ ವ್ಯಾಪಾರಿ ದೋನ್ ಅವೆಲೀನೊ ಮನೆಗೆ ಬಂದ. ಪಟ್ಟಣದಲ್ಲಿ ಊರೂರಿನ ಚಾಕೊಲೇಟುಗಳ ಸ್ಪರ್ಧೆ, ರುಚಿ ನೋಡುವ ಐವರಲ್ಲಿ ನಾನೂ ಒಬ್ಬಳಾಗಬೇಕಂತೆ.

“ನನ್ನ ನಾಲಗೆಗೆ ಏನೂ ಗೊತ್ತಾಗಲ್ಲ,” ಎಂದೆ.

“ನಿಮ್ಮ ನಾಲಗೆಗೆ ಗೊತ್ತಾಗ್ದೇ ಇದ್ರೆ ನಮ್ಮದೆಲ್ಲ ನಾಲಗೆಯಲ್ಲ, ಚಪ್ಪಲಿ ಚರ್ಮ, ದೋನ್ಯಾ ಕಸೀಲ್ದಾ. ಶನಿವಾರ ಬೆಳಿಗ್ಗೆ ಕಾರು ಕಳಿಸ್ತೀನಿ.”

ಹಳೆಯ ಮನೆಯೊಂದರ ಅಂಗಳದಲ್ಲಿ ಉದ್ದ ಮೇಜು. ಹೊದಿಕೆ ಬಿಚ್ಚಿದ ಬಿಲ್ಲೆಗಳಿಗೆ ಅಂಕಿ ಮಾತ್ರ. ಒಂದೊಂದರ ನಡುವೆ ನೀರು, ಒಣ ತೋರ್ತಿಯಾ ರೊಟ್ಟಿಯ ಚೂರು. ಮೊದಲನೆಯದರಲ್ಲಿ ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿ. ಖಾರ ಗಂಟಲಿಗಿಳಿದ ಮೇಲೆ ಹುಳಿ ಬಂತು. ಎರಡನೆಯದರಲ್ಲಿ ಮಳೆಗಾಲದ ರೆಕ್ಕೆ ಇರುವೆ, ಹುರಿದದ್ದು ಹದವಾಗಿತ್ತು. ಮೂರನೆಯದು ಬರೀ ಸಕ್ಕರೆ. ಅಳುಕುತ್ತಲೇ ಬರೆದೆ. ಪಕ್ಕದವರ ಹಾಳೆಯಲ್ಲೂ ಹೆಚ್ಚುಕಡಿಮೆ ಅದೇ ಇತ್ತು.

ನಾಲ್ಕನೆಯದನ್ನು ನಾಲಗೆಯ ಮೇಲಿಟ್ಟೆ. ಕಹಿ. ಹೂವು. ಬೂದಿ.

ಇನ್ನೊಂದು ಚೂರು ಮುರಿದೆ. ನನ್ನದೇ. ನನ್ನ ಮನೆಯ ಒಲೆ, ನನ್ನ ಅಮ್ಮನ ಕೈ. ಹೂವು ಮಾತ್ರ ತುಸು ಹಸಿ. ಒತೀಲಿಯಾಗೆ ಹೂವು ಒಣಗುವ ತನಕ ಕಾಯುವ ತಾಳ್ಮೆ ಯಾವತ್ತೂ ಇರಲಿಲ್ಲ. ಆದರೂ ಹಾಳೆಯಲ್ಲಿ ಸುಳ್ಳು ಬರೆಯಲಾರದಾದೆ. ‘ಬೀಜ ಸುಟ್ಟಿದ್ದು ಸರಿಯಾಗಿದೆ. ಹೂವು ಇನ್ನೂ ಮೂರು ದಿನ ಒಣಗಬೇಕಿತ್ತು,’ ಎಂದು ಬರೆದು ಹತ್ತಕ್ಕೆ ಒಂಬತ್ತು ಕೊಟ್ಟೆ.

ಅಂಕಿಗಳ ಎದುರು ಹೆಸರು ಓದಿದರು. ನಾಲ್ಕಕ್ಕೆ ಮೊದಲ ಸ್ಥಾನ: ಒತೀಲಿಯಾ. ಎರಡು ವರ್ಷದಿಂದ ಅದೇ ದೊಡ್ಡ ಅಂಗಡಿಯಲ್ಲಿ ಮಾರಾಟವಾಗುತ್ತಿರುವ ಬಿಲ್ಲೆಯಂತೆ; ಊರಿಗೆ ಒಂದೂ ಬಂದಿರಲಿಲ್ಲ, ನಾನು ಆ ಅಂಗಡಿಯ ಕಡೆ ತಲೆಹಾಕಿರಲಿಲ್ಲ. ಹೊದಿಕೆಯ ಮೇಲೆ ಅವಳ ಮುಖದ ಚಿತ್ರ. ಚಪ್ಪಾಳೆಯ ನಡುವೆ ಎದ್ದು ಬಂದವಳು ನನ್ನನ್ನು ಕಂಡು ಅಲ್ಲೇ ನಿಂತಳು.

ಜನ ಚದುರಿದ ಮೇಲೆ ಅಂಗಳದ ಬಾವಿಯ ಬಳಿ ಅವಳನ್ನು ಹಿಡಿದೆ.

“ಉಗುಳಿದ್ರು ಅಂದ್ಯಲ್ಲ ಒತೀಲಿಯಾ.”

ನಾನು ಏಕವಚನ ಆಡಿದ್ದಕ್ಕೆ ಅವಳ ಮುಖ ಕೆಂಪಾಯಿತು. “ಕೇಳಿ ಕೊಮಾದ್ರೆ. ಅವತ್ತೇ ಅವರಿಗೆ ಹಿಡಿಸ್ತು. ಯಾರು ಮಾಡಿದ್ದು ಅಂದ್ರು. ನಾನು ಅಂತ ಬಾಯಿಗೆ ಬಂದ್ಬಿಡ್ತು. ಆಮೇಲೆ ಹೇಗೆ ವಾಪಸ್ ತಗೊಳ್ಲಿ?”

“ಬಂದ್ಬಿಡ್ತು. ಸರಿ. ಸಾಬೂನು ಅನ್ನೋದೂ ಬಾಯಿಗೆ ಬಂದ್ಬಿಡ್ತಾ?”

“ಅದು... ನೀವು ಮತ್ತೆ ಮಾಡಿ ಇನ್ನೊಂದು ಕಡೆ ತೋರಿಸಿದ್ರೆ ಗೊತ್ತಾಗ್ತಿತ್ತಲ್ಲ.”

ಇಷ್ಟನ್ನೂ ಅವಳು ಲೆಕ್ಕ ಹಾಕಿಯೇ ಮಾಡಿದ್ದಳು. ನಂಬಿಸಿ ಕುತ್ತಿಗೆ ಕೊಯ್ಯುವುದೆಂದರೆ ಏನೆಂದು ಅಂದು ತಿಳಿಯಿತು.

“ಕೇಳಿದ್ರೆ ಕೊಟ್ಟುಬಿಡ್ತಿದ್ದೆ ಕಣೇ. ಹೆಸರು, ಬಿಲ್ಲೆ, ಎಲ್ಲಾ. ನೀನು ನನ್ನ ನಾಲಗೇನೇ ಕಿತ್ಕೊಂಡೆ. ಎರಡು ವರ್ಷ ಉಪ್ಪಿದೆಯೋ ಇಲ್ವೋ ಅಂತ ಇನ್ನೊಬ್ಬರನ್ನ ಕೇಳ್ಕೊಂಡು ಉಂಡಿದ್ದೀನಿ.”

ಅವಳು ಅತ್ತಳು. ನನಗೆ ಅಳು ಬರಲಿಲ್ಲ. ದೋನ್ ಅವೆಲೀನೊಗೂ ಏನೂ ಹೇಳದೆ ಮನೆಗೆ ಬಂದೆ. ಹೇಳಿದರೆ ಇರೇನೆ ಊರಿನಲ್ಲಿ ತಲೆಯೆತ್ತಿ ನಡೆಯುವುದು ಹೇಗೆ?

ಆದರೆ ಹುಡುಗಿ ಒಂದು ಮಧ್ಯಾಹ್ನ ಬಂದೇ ಬಿಟ್ಟಳು.

“ಮಾದ್ರೀನಾ, ನೀವ್ಯಾಕೆ ನಮ್ಮನೆಗೆ ಬರಲ್ಲ?”

“ನಿಮ್ಮಮ್ಮನ್ನ ಕೇಳು.”

“ಕೇಳ್ದೆ. ನಿಮ್ಮನ್ನ ಕೇಳು ಅಂದ್ಲು.”

ತಟ್ಟೆಗೆ ಬೆಂದ ಕಾಳು ಬಡಿಸಿ ಮುಂದಿಟ್ಟೆ. ತಿಂದಳು, ಮತ್ತೆ ಕೇಳಲಿಲ್ಲ.

ನಾನು ಈಗ ಮತ್ತೆ ಬಿಲ್ಲೆ ಮಾಡುತ್ತೇನೆ. ಹೂವು ಪೂರ್ತಿ ಒಣಗುವ ತನಕ ಕಾಯುತ್ತೇನೆ. ಸಂತೆಯಲ್ಲಿ ತೆಹಾತೆಯ ಮಡಕೆಯ ಪಕ್ಕ ನಾಲ್ಕೈದು ಜೋಡಿಸಿಡುತ್ತೇನೆ. ಹೋದ ಭಾನುವಾರ ಪಟ್ಟಣದ ಹೆಂಗಸೊಬ್ಬಳು ಚೂರು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ತಲೆದೂಗಿದಳು.

“ದೋನ್ಯಾ ಒತೀಲಿಯಾ ಮಾಡೋ ಥರಾನೇ ಇದೆ,” ಎಂದಳು, ಒಳ್ಳೆಯ ಮನಸ್ಸಿನಿಂದಲೇ. “ಅವರ ಹತ್ರಾನೇ ಕಲ್ತ್ರಾ?”

ಸಾಲಿನಲ್ಲಿ ಮಾರಲು ಕೂತಿದ್ದ ಊರಿನ ಹೆಂಗಸರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. “ನಮ್ಮಮ್ಮನ ಹತ್ರ,” ಎಂದೆ. ಪಟ್ಟಣದವಳು ನಂಬಲಿಲ್ಲ, ನಕ್ಕಳು. ಎರಡು ಬಿಲ್ಲೆ ಕಟ್ಟಿಕೊಟ್ಟೆ.